ಕಾಸಾಬ್ಲಾಂಕಾದಲ್ಲಿ ಮುರಿದ ಕಡ್ಡಿ

ನಾನು ಕಾಸಾಬ್ಲಾಂಕಾಕ್ಕೆ ಹೋಗಿ ಬಂದೋನು. ಇದನ್ನ ಮೊದಲೇ ಹೇಳ್ಬುಡ್ತೀನಿ, ಯಾಕಂದ್ರೆ ಹೆತ್ತೂರು ಹೋಬಳೀಲಿ ನನ್ನ ಬಿಟ್ಟು ಇನ್ನೊಬ್ಬ ಅಲ್ಲಿಗೆ ಹೋಗಿಲ್ಲ. ಹೋಗಿದ್ರೆ ನನ್ನೆದುರು ಬಂದು ನಿಂತು ಹೇಳ್ಲಿ. ದುಬೈ ನೋಡ್ಕೊಂಡು ಬಂದೋರು ಅವ್ರೆ, ಸಿಂಗಾಪುರಕ್ಕೆ ಹೋಗಿ ಅಲ್ಲೂ ಚಿತ್ರಾನ್ನ ತಿಂದು ಬಂದೋರು ಅವ್ರೆ. ಆದ್ರೆ ಆಫ್ರಿಕಾದ ನೆತ್ತಿ ಮೇಲಿರೋ ಒಂದು ಹಡಗಿನ ಊರಲ್ಲಿ, ಎಪ್ಪತ್ತೊಂದನೇ ವಯಸ್ಸಲ್ಲಿ, ಗಿಡದ ಕಡ್ಡಿ ಕದ್ದು ಸಿಕ್ಕಿಹಾಕ್ಕೊಂಡೋನು ಇಡೀ ತಾಲ್ಲೂಕಿಗೆ ನಾನೊಬ್ನೇ.

ಹೋಗಿದ್ದು ನನ್ನ ಯೋಗ್ಯತೆಯಿಂದಲ್ಲ. ಬಾಳ್ಳುಪೇಟೇಲಿ ನನ್ನ ಭಾಮೈದನ ಗೊಬ್ಬರದ ಅಂಗಡಿ ಐತೆ. ನಮ್ಮನೆಯವಳ ಕೊನೇ ತಮ್ಮ ಅವನು. ಚೆನ್ನಾಗಿ ವ್ಯಾಪಾರ ಮಾಡಿದ ಡೀಲರ್‌ಗಳನ್ನ ಗೊಬ್ಬರದ ಕಂಪನಿಯೋರು ಎಲ್ಲಿಗಾದ್ರೂ ಟೂರ್ ಕರ್ಕೊಂಡು ಹೋಯ್ತಾರೆ. ಆ ಸಲ ಮೊರಾಕ್ಕೊ ಅಂದ್ರು. ನಮ್ಮ ಕಾಫಿ ಗಿಡದ ಬುಡಕ್ಕೆ ಹಾಕೋ ಫಾಸ್ಫೇಟ್ ಪುಡಿ ಆ ದೇಶದ ನೆಲದಿಂದ್ಲೇ ಹಡಗು ಹತ್ತಿ ಬರುತ್ತಂತೆ. ಒಬ್ಬ ಡೀಲರ್‌ಗೆ ಎರಡು ಟಿಕೆಟ್ಟು. ಭಾಮೈದನ ಹೆಂಡ್ತಿ, ನೆಲ ಬಿಟ್ಟು ಮೇಲಕ್ಕೆ ಹೋಗೋ ಯಾವುದನ್ನೂ ನಾನು ಹತ್ತಲ್ಲ ಅಂತ ಕೂತ್ಬುಟ್ಟಳು. ಅವನ ಅಕ್ಕ, ಅಂದ್ರೆ ನಮ್ಮನೆಯವಳು, ಎಂಟು ದಿನ ಹಸು ಕರೆಯೋರು ಯಾರು ಅಂದ್ಳು. ಉಳಿದೋನು ನಾನು. ನಾನು ಎಂಟು ದಿನ ಇಲ್ಲದಿದ್ರೆ ಮನೇಲಿ ಯಾವ ಕೆಲಸಾನೂ ನಿಲ್ಲಲ್ಲ ಅಂತ ಎಲ್ರೂ ಒಂದೇ ಸಲ ಒಪ್ಪಿದ್ದು ನೋಡಿ ಸ್ವಲ್ಪ ಬೇಜಾರಾಯ್ತು. ಆದ್ರೂ ಪಾಸ್‌ಪೋರ್ಟ್ ಮಾಡಿಸ್ಬುಟ್ಟೆ.

ಕಾಫಿ ಕುಯ್ಲು ಮುಗಿದಿತ್ತು, ಗಿಡ ಹೂ ಬಿಡಿಸೋ ಹೂಮಳೆ ಇನ್ನೂ ಬಂದಿರಲಿಲ್ಲ. ನಮ್ಮಂಥೋರು ಊರು ಬಿಡಕ್ಕೆ ಇರೋದು ಅದೊಂದೇ ಸಂದು.

ಏನು ತರ್ಲಿ ಅಂತ ನಮ್ಮನೆಯವಳನ್ನ ಕೇಳ್ದೆ. ಸೀರೆ, ಸೆಂಟು, ಯಾವುದೂ ಬೇಡ ಅಂದ್ಳು. ಅಲ್ಲಿಯದೊಂದು ಗಿಡದ ಕಡ್ಡಿ ತನ್ನಿ ಅಂದ್ಳು.

ಇವಳ ಗಿಡದ ವಿಚಾರ ಸ್ವಲ್ಪ ಹೇಳ್ಬೇಕು. ಮನೆ ಮುಂದೆ ಒಡೆದ ಬಕೆಟ್ಟು, ಬಣ್ಣದ ಡಬ್ಬ, ಹಳೇ ಹಂಡೆ, ಎಲ್ಲದ್ರಲ್ಲೂ ಹೂವಿನ ಗಿಡ. ಒಂದನ್ನೂ ದುಡ್ಡು ಕೊಟ್ಟು ತಂದಿಲ್ಲ, ಒಬ್ಬರನ್ನೂ ಕೇಳಿ ತಂದಿಲ್ಲ. ಮದುವೆಗೆ ಹೋದ್ರೆ ಛತ್ರದಲ್ಲಿ, ಆಸ್ಪತ್ರೆಗೆ ಹೋದ್ರೆ ಕಾಂಪೌಂಡಲ್ಲಿ, ಯಾರಾದ್ರೂ ಸತ್ತ ಮನೆಗೆ ಮಾತಾಡ್ಸಕ್ಕೆ ಹೋದ್ರೂ ಬರುವಾಗ ಬೇಲಿ ಪಕ್ಕ ಒಂದು ಕ್ಷಣ ಹಿಂದೆ ಬೀಳ್ತಾಳೆ. ಕಟಕ್ ಅನ್ನುತ್ತೆ. ಸೆರಗೊಳಗೆ ಹೋಯ್ತು ಅಂತ ಅರ್ಥ. ನಮ್ಮ ಕಡೆ ಹೆಂಗಸ್ರೆಲ್ಲ ಹಿಂಗೇ. ಕದ್ದು ತಂದ ಕಡ್ಡಿ ಮಾತ್ರ ಬೇರು ಬಿಡೋದು, ಕೊಟ್ಟಿದ್ದು ಕೊಳೆಯುತ್ತೆ ಅಂತ ಅವರ ನಂಬಿಕೆ. ಇವಳು ಗಿಡಕ್ಕೆ ಹೆಸರಿಡೋದೂ ಕದ್ದ ಜಾಗದ ಮೇಲೇ. ಹಾಸನದ ಕೋರ್ಟ್ ದಾಸವಾಳ, ಆಲೂರು ಬ್ಯಾಂಕಿನ ಡೇರೆ, ಹೆಗ್ಗದ್ದೆ ತಿಥಿ ಮನೆ ಕಣಗಿಲೆ.

ಅಂಥವಳು ನಂಗೆ ಕಡ್ಡಿ ತನ್ನಿ ಅಂದಿದ್ದು ಹದಿನೈದು ವರ್ಷದ ಮೇಲೆ. ಮಧ್ಯ ಒಂದು ಸಲಾನೂ ಕೇಳಿರಲಿಲ್ಲ, ಅದಕ್ಕೆ ಕಾರಣ ನಾನೇ. ಊಟಿಗೆ ಹೋಗಿದ್ದೆ ಆವಾಗ. ಕಡ್ಡಿ ಮುರಿಯೋದು ಮರೆತು ಬಂದೆ. ಮನೆಗೆ ಬರೋ ದಾರೀಲಿ ಪಕ್ಕದ ತೋಟದೋರ ಬೇಲಿಯಿಂದ ಒಂದು ಗುಲಾಬಿ ಕಡ್ಡಿ ಕಿತ್ತು, ಊಟಿಯ ಕಪ್ಪು ಗುಲಾಬಿ ಕಣೇ, ಗೌರ್ಮೆಂಟ್ ತೋಟದಲ್ಲಿ ಕಾವಲುಗಾರನ ಕಣ್ಣು ತಪ್ಪಿಸಿ ತಂದಿದ್ದು ಅಂತ ಕೊಟ್ಟೆ. ತಮಾಷೆಗೆ ಅಂದಿದ್ದು, ಎರಡು ದಿನ ಬಿಟ್ಟು ಹೇಳೋಣ ಅಂತಿದ್ದೆ. ಅವಳ ಮುಖ ನೋಡಿ ಹೇಳಕ್ಕಾಗಲಿಲ್ಲ. ಒಂದು ವರ್ಷ ಅದಕ್ಕೆ ಮಗೂಗೆ ಮಾಡಿದಂಗೆ ಮಾಡಿದ್ಳು. ಮಹಿಳಾ ಸಂಘದಲ್ಲಿ ಎಲ್ರಿಗೂ ಕಪ್ಪು ಗುಲಾಬಿ ಬರುತ್ತೆ ಅಂತ ಹೇಳಿದ್ಳು. ಅದು ಅರಳಿದ ದಿನ ಐದಾರು ಹೆಂಗಸರು ಬಂದು ನಿಂತಿದ್ರು. ಮಾಮೂಲಿ ಗುಲಾಬಿ ಬಣ್ಣದ ಹೂವು. ಬಂದೋರಲ್ಲಿ ಪಕ್ಕದ ತೋಟದೋರೂ ಇದ್ರು, ಇದು ನಮ್ಮನೇದಲ್ವಾ ಅಂದ್ರು.

ಅವಳು ನನ್ನ ಬೈಯ್ಯಲಿಲ್ಲ. ಬೈದಿದ್ರೆ ಒಂದು ವಾರಕ್ಕೆ ಮುಗಿಯೋದು. ಅವತ್ತಿಂದ ನಾನು ಏನೇ ತಂದುಕೊಟ್ರೂ ಎರಡು ಸಲ ತಿರುಗಿಸಿ ನೋಡ್ತಾಳೆ. ಮಾತ್ರೆ ತಂದ್ರೆ ಚೀಟಿ ಓದ್ತಾಳೆ. ಮಳೆ ಬರ್ತೈತೆ ಅಂದ್ರೆ ಹೊರಗೆ ಹೋಗಿ ಕೈ ಚಾಚ್ತಾಳೆ. ಊರವರನ್ನೆಲ್ಲ ಏಮಾರಿಸೋದು ನಂಗೆ ಹಲ್ಲುಜ್ಜಿದಷ್ಟು ಸಲೀಸು, ಅದರ ಬಗ್ಗೆ ನಂಗೆ ಹೆಮ್ಮೇನೂ ಐತೆ. ಆದ್ರೆ ಸ್ವಂತ ಹೆಂಡ್ತಿ ಅಂಗಳಕ್ಕಿಳಿದು ಕೈ ಚಾಚೋದು ನೋಡಿದಾಗೆಲ್ಲ ಆ ಹೆಮ್ಮೆ ಇಳಿದುಹೋಗೋದು. ಅದಕ್ಕೇ ಈ ಕಡ್ಡಿ ನಿಜವಾದ ಕಡ್ಡೀನೇ ಆಗ್ಬೇಕು, ಏನಾದ್ರೂ ಆಗ್ಲಿ ಅಂತ ತೀರ್ಮಾನ ಮಾಡ್ದೆ.

ಅವಳೂ ತೀರ್ಮಾನ ಮಾಡಿದ್ಳು. "ರೀ, ಕಡ್ಡಿ ಮುರಿಯೋವಾಗ ಫೋಟೋ ಇರ್ಬೇಕು. ಗಿಡಾನೂ ಕಾಣ್ಬೇಕು, ನಿಮ್ಮ ಕೈಯೂ ಕಾಣ್ಬೇಕು, ಹಿಂದೆ ಸಮುದ್ರಾನೂ ಕಾಣ್ಬೇಕು" ಅಂದ್ಳು.

ಪ್ರಪಂಚದಲ್ಲಿ ತಾನು ಕದಿಯೋ ಫೋಟೋ ತಾನೇ ತೆಗೆಸ್ಕೊಂಡು ಬಾ ಅಂತ ಯಾವ ಕಳ್ಳನಿಗೂ ಹೇಳಿರಲಿಕ್ಕಿಲ್ಲ ಕಣ್ರೀ.

ಕಾಸಾಬ್ಲಾಂಕಾ ಅಂದ್ರೆ ಮರಳು, ಒಂಟೆ, ಬಿಸಿಲು ಅಂತ ಲೆಕ್ಕ ಹಾಕಿ ನಾನು ತೆಳ್ಳಗಿನ ಹತ್ತಿ ಶರ್ಟು ಆರು ಮಡಚ್ಕೊಂಡಿದ್ದೆ. ಇಳಿದ್ರೆ ಸಮುದ್ರದ ಗಾಳಿ ಕೊರೀತಿತ್ತು. ಒಂಟೆ ಒಂದೂ ಇಲ್ಲ. ಬೆಳ್ಳಗೆ ಸುಣ್ಣ ಹೊಡೆದಂಗೆ ಉದ್ದುದ್ದ ಕಟ್ಟಡ, ರಸ್ತೆ ಮಧ್ಯ ಸದ್ದಿಲ್ಲದೆ ಹೋಗೋ ಟ್ರಾಮು, ಕೆಂಪು ಕೆಂಪು ಸಣ್ಣ ಟ್ಯಾಕ್ಸಿ, ಸೂಟು ಹಾಕಿದ ಹೆಂಗಸರು ಫೋನಲ್ಲಿ ಮಾತಾಡ್ತಾ ದಡದಡ ನಡೆಯೋದು. ನಾನೊಬ್ನೇ ಅಲ್ಲಿ ಮಂಕಿ ಕ್ಯಾಪ್ ಹಾಕ್ಕೊಂಡು ಮರುಭೂಮಿಯಿಂದ ಬಂದೋನಂಗೆ ಕಾಣ್ತಿದ್ದೆ.

ನಮ್ಮ ಗುಂಪಲ್ಲಿ ಮೂವತ್ತು ಜನ, ದಾವಣಗೆರೆ ಕಡೆಯೋರು, ಮಂಡ್ಯದೋರು, ಆಂಧ್ರದೋರೂ ಇದ್ರು. ಎಲ್ಲ ಗೊಬ್ಬರದ ಅಂಗಡಿಯೋರು, ನಾನು ಮಾತ್ರ ಗೊಬ್ಬರ ಹಾಕೋನು. ನೀವೇನ್ ಮಾಡ್ಕೊಂಡಿದ್ದೀರಾ ಅಂದ್ರು. ಬಾಯಿ ಸುಮ್ನಿರ್ಬೇಕಲ್ಲ, ಇನ್ನೂರು ಎಕರೆ ಕಾಫಿ ಎಸ್ಟೇಟ್ ಐತೆ, ಲೆಕ್ಕ ಬರೆಯಕ್ಕೆ ಇಬ್ಬರು ರೈಟರು, ಆಳುಗಳ ಲೈನಲ್ಲಿ ನಲವತ್ತು ಮನೆ ಅಂದ್ಬುಟ್ಟೆ. ಇರೋದು ಆರು ಎಕರೆ. ರೈಟರೂ ನಾನೇ, ಲೈನೂ ನಾನೇ. ಭಾಮೈದ ಪಕ್ಕದಲ್ಲೇ ಕೂತಿದ್ದೋನು ಕಿಟಕಿ ಕಡೆ ಮುಖ ತಿರುಗಿಸ್ದ. ಅವತ್ತಿಂದ ನಂಗೆ ಬಸ್ಸಲ್ಲಿ ಮುಂದಿನ ಸೀಟು, ಸಾಹುಕಾರ್ರೇ ಅನ್ನೋ ಮರ್ಯಾದೆ.

ಆ ಮರ್ಯಾದೆ ಉಳಿಸ್ಕೊಳ್ಳಕ್ಕೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಲ್ಲಿ ರಸ್ತೆಗೆ ನಾಲ್ಕು ಕಾಫಿ ಹೋಟ್ಲು. ಕುರ್ಚಿಗಳೆಲ್ಲ ಒಂದೇ ದಿಕ್ಕಿಗೆ, ರಸ್ತೆ ಕಡೆಗೆ. ಗಂಡಸರು ಬಸ್ಸಲ್ಲಿ ಕೂತಂಗೆ ಸಾಲಾಗಿ ಕೂತು ಹೋಗೋ ಬರೋರನ್ನ ನೋಡ್ತಾ ಒಂದು ಲೋಟ ಕಾಫೀನ ಎರಡು ಗಂಟೆ ಕುಡೀತಾರೆ. ಆ ಊರು ನಂಗೆ ತಕ್ಷಣ ಹಿಡಿಸ್ತು. ನಾನು ಕಾಫಿ ಬೀಜ ಒಂದು ಇಸ್ಕೊಂಡು, ಎಲ್ರೂ ನೋಡೋ ಹಂಗೆ ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ, ಇದು ನಮ್ಮ ಕಡೆಯ ರೋಬಸ್ಟಾ, ಮಂಗಳೂರು ಬಂದರಿಂದ ಬಂದಿದ್ದು ಅಂತ ಘೋಷಣೆ ಮಾಡ್ದೆ. ಎಲ್ರೂ ತಲೆ ಆಡಿಸಿದ್ರು. ಹುರಿದ ಬೀಜ ಕಚ್ಚಿ ಯಾವ ದೇಶದ್ದು ಅಂತ ಹೇಳಕ್ಕೆ ನಮ್ಮಪ್ಪನಾಣೆ ನಂಗೆ ಬರಲ್ಲ. ನಂಗೆ ಗೊತ್ತಾಗಿದ್ದು ಒಂದೇ, ಹಿಂದಿನ ಹಲ್ಲು ಅಲ್ಲಾಡ್ತೈತೆ ಅಂತ.

ಊಟಕ್ಕೆ ಗುಡ್ಡದಂಗೆ ಉದುರು ಉಪ್ಪಿಟ್ಟು ಹಾಕಿ, ಅದರ ಮೇಲೆ ಬೇಯಿಸಿದ ಕುಂಬಳಕಾಯಿ, ಕ್ಯಾರೆಟ್ಟು, ಕೋಸು ಇಟ್ಟು ಕೊಡೋರು. ನಾವು ಮಾಂಸ ಮುಟ್ಟೋರಲ್ಲ, ಆ ಉಪ್ಪಿಟ್ಟೇ ನಮ್ಮನ್ನ ಕಾಪಾಡ್ತು. ಸಮುದ್ರದ ಮೇಲೇ ಕಟ್ಟಿದಂಗಿರೋ ದೊಡ್ಡ ಮಸೀದಿ ತೋರಿಸಿದ್ರು, ಅದರ ಕೆಳಗೇ ಅಲೆ ಹೊಡೀತಿತ್ತು. ಬಂದರು ತೋರಿಸಿದ್ರು. ಕ್ರೇನುಗಳು, ಪೆಟ್ಟಿಗೆ ಪೆಟ್ಟಿಗೆ ಪೇರಿಸಿದ ಹಡಗುಗಳು. ಡೀಲರುಗಳೆಲ್ಲ ಫಾಸ್ಫೇಟ್ ಎಲ್ಲಿ ಫಾಸ್ಫೇಟ್ ಎಲ್ಲಿ ಅಂತ ದೇವರ ದರ್ಶನಕ್ಕೆ ಬಂದೋರಂಗೆ ಕತ್ತು ಚಾಚಿದ್ರು. ನಾನು ಮಾತ್ರ ಎಲ್ಲಿ ಹೋದ್ರೂ ನೆಲ ನೋಡ್ತಿದ್ದೆ.

ಕಡ್ಡಿ ಸಿಗೋದು ಅಷ್ಟು ಸುಲಭ ಇರಲಿಲ್ಲ. ಅಲ್ಲಿ ಇರೋದೆಲ್ಲ ಇವಳ ಹತ್ರ ಐತೆ. ಕಾಗದದ ಹೂವು ಮನೆಮನೆ ಗೋಡೆ ಮೇಲೆ ಸುರೀತಿತ್ತು, ನಮ್ಮನೇಲೂ ಸುರೀತೈತೆ. ದಾಸವಾಳ ಐತೆ, ಕಣಗಿಲೆ ಐತೆ. ಇಷ್ಟು ದೂರ ಬಂದು ಕಣಗಿಲೆ ತಗೊಂಡು ಹೋದ್ರೆ ಮತ್ತೆ ಎರಡು ಸಲ ತಿರುಗಿಸಿ ನೋಡ್ತಾಳೆ. ಐದು ದಿನ ಹಿಂಗೇ ಹೋಯ್ತು. ಆರನೇ ದಿನ, ಅಂದ್ರೆ ಅಲ್ಲಿಯ ಕೊನೇ ದಿನ ಬೆಳಿಗ್ಗೆ, ಸಮುದ್ರದ ದಡದಲ್ಲಿ ವಾಕಿಂಗ್ ಮಾಡಕ್ಕೆ ಕಟ್ಟಿರೋ ಉದ್ದನೇ ರಸ್ತೇಲಿ ಬಸ್ಸು ನಿಲ್ಲಿಸಿದ್ರು. ಅದರ ಪಕ್ಕ ಇಳಿಜಾರಲ್ಲಿ ಒಂದು ಬಳ್ಳಿ ಚಾಪೆ ಹಾಸಿದಂಗೆ ಹಬ್ಬಿತ್ತು. ಎಲೆ ಬೆರಳಷ್ಟು ದಪ್ಪ, ಮುಟ್ಟಿದ್ರೆ ತಣ್ಣಗೆ. ಹೂವು ಕಣ್ಣು ಕುಕ್ಕೋ ನೇರಳೆ, ದಾರದಂಥ ಎಸಳು ನೂರಾರು. ನಮ್ಮ ತಾಲ್ಲೂಕಲ್ಲಿ ನಾನು ಕಂಡಿದ್ದಲ್ಲ. ಹಿಂದೆ ಸಮುದ್ರ. ಅವಳ ಮೂರು ಷರತ್ತೂ ಒಂದೇ ಕಡೆ ಕೂತಿದ್ವು.

ಭಾಮೈದನ್ನ ಕರ್ದು ಫೋಟೋ ತೆಗಿಯೋ ಅಂದೆ. ಭಾವ, ಬೇಡ, ಬೇರೆ ದೇಶ ಇದು ಅಂದ. ನಿಮ್ಮಕ್ಕನಿಗೆ ನೀನೇ ಹೇಳ್ಕೋ ಅಂದೆ. ಫೋನ್ ತೆಗೆದ.

ಒಂದು ಕಾಲು ರಸ್ತೇಲಿ, ಒಂದು ಕಾಲು ಇಳಿಜಾರಲ್ಲಿ ಇಟ್ಟು ಬಗ್ಗಿದೆ. ಅವನು ಭಾವ ಮುಖ ಕಾಣ್ತಿಲ್ಲ ಅಂದ. ಮುಖ ತಿರುಗಿಸ್ದೆ. ಸಮುದ್ರ ಬರ್ತಿಲ್ಲ ಅಂದ. ಒಂದು ಹೆಜ್ಜೆ ಆಚೆ ಹೋದೆ. ಬಿಸಿಲಿಗೆ ಕಣ್ಣು ಮುಚ್ಕೊಂಡಿದ್ದೀರಾ ಅಂದ. ಕದಿಯೋನು ಇಷ್ಟೊತ್ತು ಬಗ್ಗಿ ನಿಂತ್ರೆ ಲೋಕಕ್ಕೆಲ್ಲ ಕಾಣಲ್ವಾ. ಕೊನೆಗೆ ಬಳ್ಳಿ ಹಿಡಿದು ಜೋರಾಗಿ ಎಳ್ದೆ. ನಾನು ಅಂದ್ಕೊಂಡಿದ್ದು ಒಂದು ಗೇಣು. ಬಂದಿದ್ದು ಒಂದು ಮಾರು, ಬೇರು ಮಣ್ಣು ಸಮೇತ. ಅದು ಬಂದ ರಭಸಕ್ಕೆ ನಾನು ಹಿಂದಕ್ಕೆ ಕೂತ್ಬುಟ್ಟೆ.

ಹಿಂದೆ ಯಾರೋ ನಿಂತಂಗಾಯ್ತು. ತಿರುಗಿದ್ರೆ ಒಬ್ಬ ಮಾಲಿ. ನೀಲಿ ಬಟ್ಟೆ, ಹುಲ್ಲಿನ ಟೋಪಿ, ಕೈಲಿ ನೀರಿನ ಪೈಪು. ನನ್ನಷ್ಟೇ ವಯಸ್ಸು ಇರ್ಬೇಕು, ಮೀಸೆ ಮಾತ್ರ ನನ್ನದಕ್ಕಿಂತ ಚೆನ್ನಾಗಿತ್ತು. ನಾನು ಎದ್ದು, ಆ ಒಂದು ಮಾರು ಬಳ್ಳೀನ ಶರ್ಟೊಳಗೆ ತುರುಕಿ, ಸಮುದ್ರ ನೋಡ್ತಾ ನಿಂತೆ. ತೆಳ್ಳಗಿನ ಶರ್ಟು, ಒಳಗಿಂದ ಮಣ್ಣು ನೀರು ಸೊಂಟಕ್ಕೆ ಇಳೀತಿತ್ತು. ಕಾಲರ್ ಹತ್ರ ಒಂದು ನೇರಳೆ ಹೂವು ಇಣುಕ್ತಿತ್ತಂತೆ, ಆಮೇಲೆ ಭಾಮೈದ ಹೇಳ್ದ.

ಮಾಲಿ ಸುಮ್ನೆ ಅಂಗೈ ಚಾಚ್ದ. ತೆಗೆದು ಕೊಟ್ಟೆ. ಕೊಡ್ತಾ ಕೊಡ್ತಾ ಕನ್ನಡದಲ್ಲೇ, ಇಲ್ಲ ಸ್ವಾಮಿ, ಬಿದ್ದಿತ್ತು, ಎತ್ತಿಡೋಣ ಅಂತಿದ್ದೆ ಅಂದೆ. ಹೆದ್ರಿಕೇಲೂ ಸುಳ್ಳು ಎಷ್ಟು ಸಲೀಸಾಗಿ ಬರುತ್ತೆ ನೋಡಿ. ಅಷ್ಟೊತ್ತಿಗೆ ಬಸ್ಸಿಂದ ಮಿಕ್ಕೋರೆಲ್ಲ ಇಳಿದು ಬಂದು ಸುತ್ತ ನಿಂತ್ಬುಟ್ರು. ದಾವಣಗೆರೆಯೋರು, ಸಾಹುಕಾರ್ರು ಬಿದ್ರಾ ಅಂತ ಕೇಳಿದ್ರು. ಗೈಡ್ ಹುಡುಗಿ ಓಡಿ ಬಂದು ಮಾಲಿ ಹತ್ರ ಏನೋ ಮಾತಾಡಿದ್ಳು. ಅವನು ಆ ಬಳ್ಳೀನ ಎತ್ತಿ ಹಿಡಿದು ಏನೋ ಕೇಳ್ದ. ಹುಡುಗಿ ನಗು ತಡ್ಕೊಂಡು ಇಂಗ್ಲಿಷಲ್ಲಿ ಹೇಳಿದ್ಳು, ದಾವಣಗೆರೆಯೋರು ಅದನ್ನ ಕನ್ನಡ ಮಾಡಿ ಎಲ್ರಿಗೂ ಕೇಳೋ ಹಂಗೆ ಕೂಗಿದ್ರು: "ಇಷ್ಟು ವಯಸ್ಸಾಗೈತೆ, ಗಿಡದ ಕಡ್ಡಿ ತೆಗೆಯೋದು ನಿಮಗೆ ಯಾರೂ ಕಲಿಸ್ಲಿಲ್ವಾ ಅಂತ ಕೇಳ್ತಾವ್ರೆ."

ನಲವತ್ತು ವರ್ಷ ಕಾಫಿ ಗಿಡದ ರೆಂಬೆ ಸವರಿ ಕಸಿ ಮಾಡಿದ ಕೈ ಕಣ್ರೀ ಇದು. ಯಾವ ಅಡ್ಡರೆಂಬೆ ಉಳಿಸ್ಬೇಕು, ಯಾವ ಚಿಗುರು ತೆಗೀಬೇಕು ಅಂತ ಕಣ್ಣು ಮುಚ್ಕೊಂಡು ಹೇಳೋನು ನಾನು. ಪೊಲೀಸಿಗೆ ಕೊಡ್ತೀನಿ ಅಂದಿದ್ರೂ ಅಷ್ಟು ಉರೀತಿರಲಿಲ್ಲ. ಆದ್ರೆ ಅವನು ಕೇಳಿದ್ದು ಸರೀನೇ. ಎಳೆದ ಕಡೆ ಸಿಪ್ಪೆ ಸುಲಿದು, ನಾರು ಬಿಟ್ಟು, ಕೋಳಿ ಕಿತ್ತಂಗಿತ್ತು.

ಮಾಲಿ ನನ್ನ ಮಣಿಕಟ್ಟು ಹಿಡಿದು ಕೂರಿಸ್ದ. ಜೇಬಿಂದ ಒಂದು ಬಾಗಿದ ಸಣ್ಣ ಚಾಕು ತೆಗ್ದ. ಒಂದು ಹೊಸ ಬಳ್ಳಿ ಆರಿಸಿ, ಗೆಣ್ಣಿನ ಕೆಳಗೆ ಓರೆಯಾಗಿ ಒಂದೇ ಏಟಿಗೆ ಕೊಯ್ದ. ಕೆಳಗಿನ ನಾಲ್ಕು ಎಲೆ ಬಿಡಿಸ್ದ. ಕೊಯ್ದ ಜಾಗಾನ ಬಿಸಿಲಿಗೆ ತೋರಿಸಿ, ಒಣಗಲಿ ಆಮೇಲೆ ನೆಡು ಅನ್ನೋದನ್ನ ಕೈಸನ್ನೇಲಿ ಮಾಡ್ದ. ಆಮೇಲೆ ಚಾಕು ನನ್ನ ಕೈಗೆ ಕೊಟ್ಟು ಮಾಡು ಅಂದ. ಮಾಡ್ದೆ. ಇಲ್ಲ ಅಂತ ತಲೆ ಆಡಿಸ್ದ. ಇನ್ನೊಂದು ಮಾಡ್ದೆ. ಇನ್ನೂರು ಎಕರೆ ಸಾಹುಕಾರ ಅಷ್ಟೂ ಜನ ಗೊಬ್ಬರದ ಡೀಲರ್‌ಗಳ ಎದುರು, ಒದ್ದೆ ಶರ್ಟಲ್ಲಿ ನೆಲದ ಮೇಲೆ ಕೂತು, ಮೂರನೇ ಸಲಕ್ಕೆ ಪಾಸಾದೆ. ಆಗ ಅವನು ಬೆನ್ನು ತಟ್ಟಿ, ಮೂರು ಕಡ್ಡೀನ ಪೇಪರಲ್ಲಿ ಸುತ್ತಿ ಕೊಟ್ಟ. ನಾನು ತಲೆ ತಗ್ಗಿಸಿ ಎರಡು ಕೈಯಲ್ಲೂ ಇಸ್ಕೊಂಡೆ.

ಬಸ್ಸಲ್ಲಿ ಕೂತ ಮೇಲೆ ಭಾಮೈದ ಮೆಲ್ಲಗೆ ಅಂದ, "ಭಾವ, ಇದು ಕದ್ದಿದ್ದಲ್ಲ, ಕೊಟ್ಟಿದ್ದು. ಅಕ್ಕ ಒಪ್ಪಲ್ಲ."

ಆ ಮಾತು ನಂಗೆ ಹೊಳೆದೇ ಇರಲಿಲ್ಲ. ಮೊದಲು ಮುರಿದ ಬಳ್ಳಿ ಮಾಲಿ ಹತ್ರಾನೇ ಉಳೀತು. ಅದನ್ನ ಕದಿಯೋ ಫೋಟೋ ನೋಡೋಣ ಅಂದ್ರೆ ಒಂದ್ರಲ್ಲಿ ಬರೀ ನನ್ನ ಹಿಂಭಾಗ, ಇನ್ನೊಂದ್ರಲ್ಲಿ ಭಾಮೈದನ ಬೆರಳು. ಚೆನ್ನಾಗಿ ಬಂದಿದ್ದು ಒಂದೇ. ಮಾಲಿ ಚಾಕು ಹಿಡಿದು ಪಾಠ ಹೇಳ್ತಾವ್ನೆ, ನಾನು ಬಾಯಿ ಬಿಟ್ಟು ನೋಡ್ತಾ ಇದ್ದೀನಿ. ಕೊಟ್ಟಿದ್ದಾದ್ರೂ ನಿಜವಾದ ಕಡ್ಡಿ ತಾನೇ, ಕೊಳೆತ್ರೆ ಕೊಳೀಲಿ, ನಾನು ಸುಳ್ಳು ಹೇಳ್ದಂಗಾಗಲ್ಲ ಅಂತ ಸಮಾಧಾನ ಮಾಡ್ಕೊಂಡೆ. ಪೇಪರ್ ಸುರುಳೀನ ಸಾಕ್ಸ್ ಒಳಗೆ ಇಟ್ಟು, ಸಾಕ್ಸ್‌ನ ಬ್ಯಾಗಿನ ತಳಕ್ಕೆ ತಳ್ದೆ.

ಬೆಂಗಳೂರಲ್ಲಿ ಇಳಿದಾಗ ಬೆಳಿಗ್ಗೆ. ಸಾಮಾನು ತಗೊಂಡು ಹೊರಗೆ ಬರೋ ದಾರೀಲಿ ಒಂದು ಬೋರ್ಡು, ಹೊರದೇಶದ ಗಿಡ, ಬೀಜ ಇದ್ರೆ ತೋರಿಸಿ ಅಂತ. ಭಾಮೈದ ಬೆವರಕ್ಕೆ ಶುರು ಮಾಡ್ದ. ನಾನು ಸುಮ್ನೆ ನಡಿಯೋ ಮಾರಾಯ, ಎಪ್ಪತ್ತು ದಾಟಿದೋನ ಸಾಕ್ಸ್ ಯಾರು ಬಿಚ್ಚಿ ನೋಡ್ತಾರೆ ಅಂದೆ. ಅಂದು ಹತ್ತು ಹೆಜ್ಜೆ ನಡೆದೆ. ಹನ್ನೊಂದನೇದು ಬರಲಿಲ್ಲ.

ಕಾಫಿ ಹಣ್ಣಿನ ಹೊಟ್ಟೆಗೆ ತೂತು ಕೊರೆದು ಒಳಗೇ ಸಂಸಾರ ಮಾಡೋ ಒಂದು ಹುಳ ಐತೆ, ಎಳ್ಳಿನಷ್ಟು ಕರೀದು. ಬೆರಿ ಬೋರರ್ ಅಂತೀವಿ. ನಾನು ಹರೇದಲ್ಲಿದ್ದಾಗ ನಮ್ಮ ಕಡೆ ಇರಲಿಲ್ಲ. ಯಾರೋ ಎಲ್ಲಿಂದ್ಲೋ ಚೀಲದಲ್ಲಿ ನಾಲ್ಕು ಬೀಜ ತಂದ್ರು, ಅದರ ಜೊತೆ ಬಂತು ಅಂತ ನಮ್ಮೋರು ಹೇಳ್ತಾರೆ. ಅದು ನಮ್ಮ ತೋಟಕ್ಕೆ ಬಂದ ವರ್ಷ ನೆಲಕ್ಕೆ ಬಿದ್ದ ಒಂದೊಂದು ಹಣ್ಣನ್ನೂ ಹೆಕ್ಕಿ ಬೇಯಿಸಿ ಹೂತಿದ್ದು ನಾವಿಬ್ರೇ, ನಾನು ಮತ್ತೆ ನಮ್ಮನೆಯವಳು. ಆ ಬೀಜ ತಂದ ಪುಣ್ಯಾತ್ಮನ್ನ ನಾನು ಇಷ್ಟು ವರ್ಷ ಬೈದಿರೋದು ಅಷ್ಟಿಷ್ಟಲ್ಲ. ಅವನಿಗೂ ಒಬ್ಬಳು ಹೆಂಡ್ತಿ ಇದ್ದಿರ್ಬೇಕು, ಏನಾದ್ರೂ ತನ್ನಿ ಅಂದಿರ್ಬೇಕು.

ವಾಪಸ್ ಬಂದು ಕೌಂಟರಲ್ಲಿದ್ದ ಆಫೀಸರಮ್ಮನ ಮುಂದೆ ಸಾಕ್ಸ್ ಇಟ್ಟೆ. ಏನಿದು ಅಂದ್ರು. ಗಿಡ, ನಮ್ಮನೆಯವಳಿಗೆ ಅಂದೆ. ಇದನ್ನ ಬಿಡಕ್ಕಾಗಲ್ಲ ಅಂದ್ರು. ಗೊತ್ತು ಅಂದೆ. ಕಡ್ಡಿ ಇಟ್ಕೊಂಡು ಸಾಕ್ಸ್ ವಾಪಸ್ ಕೊಟ್ರು. ಇಸ್ಕೊಂಡಿದ್ದಕ್ಕೆ ಒಂದು ಚೀಟಿ ಕೇಳ್ಬೇಕಿತ್ತು, ಆ ಬುದ್ಧಿ ಬಂದಿದ್ದು ಬಾಳ್ಳುಪೇಟೆ ದಾಟಿದ ಮೇಲೆ.

ಮನೇಲಿ ಕಾಲು ತೊಳ್ಕೊಂಡು ಕೂತೆ. ಇವಳು ಕಾಫಿ ತಂದಿಟ್ಟು ಎಲ್ಲಿ ಅಂದ್ಳು. ನಡೆದಿದ್ದನ್ನ ನಡೆದಂಗೇ ಹೇಳ್ದೆ, ಒಂದು ಅಕ್ಷರ ಸೇರಿಸ್ಲಿಲ್ಲ. ನಂಗೇ ನಾನು ಸುಳ್ಳು ಹೇಳ್ತಿರೋ ಹಂಗೆ ಕೇಳಿಸ್ತು. ಸತ್ಯ ಹೇಳೋ ರೂಢಿ ತಪ್ಪಿದ್ರೆ ನಾಲಿಗೆ ತೊದಲುತ್ತೆ ಕಣ್ರೀ.

"ಏರ್‌ಪೋರ್ಟಲ್ಲಿ ನೀವಾಗೇ ಕೊಟ್ಟು ಬಂದ್ರಾ? ನೀವು?" ಅಂದ್ಳು. ನನ್ನ ಜೊತೆಗೇ ಮನೆಗೆ ಬಂದಿದ್ದ ಅವಳ ತಮ್ಮ ಹೌದು ಅಕ್ಕ ಅಂದ. ನೀನು ಸುಮ್ನಿರೋ, ಇವರು ಹೇಳಿದ್ದಕ್ಕೆಲ್ಲ ಹೌದು ಅಂದು ಅಂದೇ ನಿನ್ನ ಕತ್ತು ಸಡಿಲ ಆಗಿರೋದು ಅಂದ್ಳು. ಚೆನ್ನಾಗಿ ಬಂದಿದ್ದ ಆ ಒಂದು ಫೋಟೋನ ಅವನ ಫೋನಲ್ಲಿ ತೆಗೆದು ಅವಳ ಕೈಗೆ ಕೊಟ್ಟೆ.

ಕನ್ನಡಕ ಹಾಕ್ಕೊಂಡ್ಳು. ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದ್ಳು. ಮಾಲಿ ಚಾಕು ನೋಡಿದ್ಳು, ಕೊಯ್ದ ಗೆಣ್ಣು ನೋಡಿದ್ಳು, ಸಮುದ್ರ ನೋಡಿದ್ಳು. ಆಮೇಲೆ ನನ್ನ ಮುಖದ ಮೇಲೆ ತಂದು ನಿಲ್ಲಿಸಿ ಅಲ್ಲೇ ಇದ್ಬುಟ್ಟಳು. ಕಾಫಿ ಆರಿಹೋಯ್ತು.

"ಈ ಮುಖ ಬೇಕು ಅಂತ ಮಾಡಕ್ಕೆ ನಿಮ್ಮ ಕೈಲಿ ಆಗಲ್ಲ ಬುಡಿ" ಅಂದ್ಳು. ಹೇಳಿದ್ದು ಬೈಗುಳಾನೋ ಏನೋ ಗೊತ್ತಾಗಲಿಲ್ಲ. ಫೋನ್ ಕೆಳಗಿಟ್ಟು ಒಳಗೆ ಹೋಗಿ, ತರಕಾರಿ ಹೆಚ್ಚೋ ಚಾಕು ತಂದು ನನ್ನ ಕೈಗೆ ಕೊಟ್ಳು. ಅವನು ಹೆಂಗೆ ಕೊಯ್ದ, ತೋರಿಸಿ ಅಂದ್ಳು.

ಅಂಗಳಕ್ಕಿಳಿದೆ. ಎದುರಿಗಿದ್ದ ದಾಸವಾಳದ ಒಂದು ರೆಂಬೆ ಹಿಡಿದು, ಗೆಣ್ಣಿನ ಕೆಳಗೆ, ಓರೆಯಾಗಿ, ಒಂದೇ ಏಟಿಗೆ ಕೊಯ್ದೆ. ಕೆಳಗಿನ ಎಲೆ ಬಿಡಿಸಿ ಅವಳ ಕೈಗಿಟ್ಟೆ. ಅವಳು ಅದನ್ನ ಹಂಗೇ ತಗೊಂಡು, ಖಾಲಿ ಡಬ್ಬದ ಮಣ್ಣಿಗೆ ಬೆರಳಲ್ಲಿ ತೂತು ಮಾಡಿ ನೆಟ್ಬುಟ್ಟಳು. ತಿರುಗಿಸಿ ನೋಡಲಿಲ್ಲ.

ಆಮೇಲೆ ಕೈ ತೊಳ್ಕೊಂಡು ಆಲೂರಿನ ತಂಗಿಗೆ ಫೋನ್ ಮಾಡಿದ್ಳು. ನಾನು ಒಳಗೆ ಕೂತು ಕೇಳ್ತಿದ್ದೆ. ನನ್ನ ಕಾಸಾಬ್ಲಾಂಕಾ ಕತೇನ ನನಗಿಂತ ಚೆನ್ನಾಗಿ ಹೇಳ್ತಿದ್ಳು, ಮಧ್ಯ ಮಧ್ಯ ನಗು ತಡೀಲಾರದೆ ನಿಲ್ಲಿಸ್ತಿದ್ಳು. ಈಗ ಮದುವೆ ಮನೇಲಿ ನಾನು ಟ್ರಾಮು, ಹಡಗು, ಮಸೀದಿ ಅಂತ ಶುರು ಮಾಡಿದ್ರೆ ಯಾರೂ ಕೇಳಲ್ಲ. ಅದೆಲ್ಲ ಇರ್ಲಿ ಯಜಮಾನ್ರೇ, ಆ ಫೋಟೋ ತೋರಿಸಿ ಅಂತಾರೆ. ತೋರಿಸ್ತೀನಿ.